ಖಾಲಿ ಡಬ್ಬಿ

ರಾಜ್ಯ ರಾಜ್ಯಗಳ ನಡುವೆ ಯುದ್ಧವಾಗಲು ಇದಕ್ಕಿಂತ ಸಣ್ಣ ಕಾರಣಗಳು ಸಾಕಾಗಿವೆ. ಯುಗಾದಿಯ ಮರುದಿನ ಗೌನಿಪಲ್ಲಿಯ ಸುನಂದ, ಒಬ್ಬಟ್ಟು ತುಂಬಿ ಬಂದಿದ್ದ ಸ್ಟೀಲ್ ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿ ವಾಪಸ್ ಕೊಟ್ಟಳು. ಒಂದು ಚಮಚ ಸಕ್ಕರೆಯಿಲ್ಲ, ಒಂದು ಚೂರು ಬೆಲ್ಲವಿಲ್ಲ. ಡಬ್ಬಿ ಕಳಿಸಿದ್ದ ಓರಗಿತ್ತಿ ರಾಮಲಕ್ಷ್ಮಮ್ಮ ಅದರೊಳಗೆ ಕೈಯಾಡಿಸಿ ನೋಡಿದಳು, ಮುಚ್ಚಳ ಹಾಕಿದಳು, ಮಾತು ಬಿಟ್ಟಳು.

ಮೊದಲು ಒಂದೇ ಆಗಿದ್ದ ಮನೆ. ಈಗ ನಡುವೆ ಒಂದು ಗೋಡೆ, ಹಿತ್ತಿಲು ಮಾತ್ರ ಇಬ್ಬರದೂ. ಹಾಗಾಗಿ ಮಾತು ಪೂರ್ತಿ ನಿಂತಿತೆಂದೇನೂ ಅಲ್ಲ. ಹೇಳಬೇಕಾದ್ದನ್ನು ರಾಮಲಕ್ಷ್ಮಮ್ಮ ಹಿತ್ತಿಲ ಮೇಕೆಗೆ ಹೇಳುತ್ತಿದ್ದಳು, ಸುನಂದ ಅಡುಗೆಮನೆಯ ಕಿಟಕಿಯಿಂದ ಕಾಗೆಗೆ ಉತ್ತರ ಕೊಡುತ್ತಿದ್ದಳು.

ಮಾವು ಹಣ್ಣಾಗುವ ಹೊತ್ತಿಗೆ, ಒಂದು ಬೆಳಿಗ್ಗೆ, ರಾಮಲಕ್ಷ್ಮಮ್ಮನಿಗೆ ಕೋಲಾರದಲ್ಲಿ ಓದುತ್ತಿದ್ದ ಮಗಳು ರಮ್ಯಳ ಫೋನು ಬಂತು.

"ಅಮ್ಮಾ, ಕುಕ್ಕರ್ ಇಟ್ಟಿಲ್ಲ ತಾನೆ? ಇಡಬೇಡ. ಆ ಕಂಪನಿಯವರು ಪೇಪರಲ್ಲಿ ಹಾಕಿದಾರೆ. ಸೇಫ್ಟಿ ವಾಲ್ವ್ ಸರಿ ಇಲ್ವಂತೆ, ಮುಚ್ಚಳ ಹಾರಬಹುದಂತೆ. ತಳದಲ್ಲಿ ನಂಬರ್ ಇರುತ್ತೆ, ಓದು."

ರಾಮಲಕ್ಷ್ಮಮ್ಮ ಕುಕ್ಕರ್ ಬೋರಲು ಹಾಕಿ ಓದಿದಳು.

"ಅದೇ ಕಣಮ್ಮ. ಅಂಗಡಿಗೆ ಕೊಟ್ಬಿಡು, ಹೊಸದು ಕೊಡ್ತಾರೆ."

"ತಪ್ಪು ನಮ್ಮದೇ ಅಂತ ತಾವೇ ಹೇಳ್ಕೊಂಡು ವಾಪಸ್ ಕರೀತಾರಾ?" ಇಂಥ ನಡತೆಯನ್ನು ರಾಮಲಕ್ಷ್ಮಮ್ಮ ಎಲ್ಲೂ ಕಂಡಿರಲಿಲ್ಲ.

"ಹೂಂ. ಚಿಕ್ಕಮ್ಮನ ಕುಕ್ಕರೂ ಅದೇ ಅಲ್ವಾ? ಅವರ ಫೋನು ಚಿಕ್ಕಪ್ಪನ ಜೊತೆ ತೋಪಿಗೆ ಹೋಗಿದೆ ಅನ್ಸುತ್ತೆ, ಎತ್ತೋರೇ ಇಲ್ಲ. ಈಗ್ಲೇ ನೀನೇ ಹೋಗಿ ಹೇಳು."

"ನಾನಾ?" ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಅದೇ ಕುಕ್ಕರು ಎನ್ನುವುದರಲ್ಲಿ ಸಂಶಯವಿರಲಿಲ್ಲ. ಮನೆ ಪಾಲಾದಾಗ ಯಾರಿಗೂ ಹೆಚ್ಚುಕಡಿಮೆ ಆಗಬಾರದೆಂದು ಅತ್ತೆ ಮುತ್ಯಾಲಮ್ಮ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಥರದ ಎರಡು ಕುಕ್ಕರ್ ತಂದಿದ್ದರು. ಅತ್ತೆಯ ನ್ಯಾಯ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ದೋಷವೂ ಇಬ್ಬರಿಗೂ ಸಮವಾಗಿ ಬಂದಿತ್ತು.

ರಾಮಲಕ್ಷ್ಮಮ್ಮ ಹಿತ್ತಿಲಿಗೆ ಬಂದು ಮೇಕೆಯ ಎದುರು ನಿಂತಳು. ವಿಷಯ ತುರ್ತಿನದು ನಿಜ, ಆದರೆ ರೂಢಿ ಬಿಡುವಷ್ಟಲ್ಲ.

"ಕೇಳಿದ್ಯೇನೇ? ಕೆಲವರ ಮನೆ ಕುಕ್ಕರ್ ಸಿಡಿದು ಹೋಗುತ್ತಂತೆ!"

ಕಿಟಕಿಯಲ್ಲಿ ಬಳೆ ಸದ್ದಾಯಿತು. "ಸಿಡಿಯೋದು ಕುಕ್ಕರಲ್ಲ ಕಣೇ ಕಾಗೆ, ಕೆಲವರ ಹೊಟ್ಟೆ."

"ಮುಚ್ಚಳ ಹಾರಿ ಮುಖಕ್ಕೆ ಬಡಿಯುತ್ತಂತೆ! ಪೇಪರಲ್ಲೇ ಬಂದಿದೆ!"

"ಶಾಪಾನೂ ಪೇಪರಲ್ಲಿ ಹಾಕಿಸ್ತಾರೆ ನೋಡು ಈಗಿನ ಜನ. ಎದ್ದ ತಕ್ಷಣ ಎಂಥ ಬಾಯಿ!"

ಎಷ್ಟೇ ನಿಜವಾದರೂ ಮೇಕೆಯ ಮೂಲಕ ಹೋದರೆ ಅದು ಶಾಪವಾಗಿಯೇ ತಲುಪುತ್ತದೆಂದು ರಾಮಲಕ್ಷ್ಮಮ್ಮನಿಗೆ ಆಗ ತಿಳಿಯಿತು. ಕಿಟಕಿಯೊಳಗೆ ಸುನಂದಳ ಕುಕ್ಕರ್ ಬುಸುಗುಟ್ಟುತ್ತಿತ್ತು, ಕೂಗುತ್ತಿರಲಿಲ್ಲ. ಮಾತು ಬಿಟ್ಟಂದಿನಿಂದ ಆ ಮನೆಯ ಕುಕ್ಕರಿನ ಕೂಗು ಎಣಿಸಿಯೇ ಅಲ್ಲಿ ಅನ್ನವೋ, ಕಾಳೋ ಎಂದು ತಿಳಿದುಕೊಂಡು ಸಮಾಧಾನಪಡುತ್ತಿದ್ದವಳು ಅವಳು. ಇಷ್ಟು ಹೊತ್ತಿಗೆ ಒಂದಾದರೂ ಕೂಗು ಬರಬೇಕಿತ್ತು. ಬುಸುಗುಡುವುದರ ಪಕ್ಕದಲ್ಲೇ ಇನ್ನೊಂದು ಸದ್ದು: ಸುನಂದಳ ಪುಟ್ಟ ಮಗಳು ನೆಲಕ್ಕೆ ಲೋಟ ಕುಟ್ಟುತ್ತಿದ್ದಳು.

"ಸುನಂದಾ! ಬಯಟಿಕಿ ರಾವೇ! ಮಗೂನ ಎತ್ಕೊಂಡು ಹೊರಗೆ ಬಾರೇ!"

ಗಾಬರಿಯಾದರೆ ಆಂಧ್ರದ ಗಡಿಯ ಆ ಊರಲ್ಲಿ ತೆಲುಗು ಮೊದಲು ಬರುತ್ತದೆ, ಕನ್ನಡ ಅದರ ಹಿಂದೆ ಓಡಿಬರುತ್ತದೆ. ಸುನಂದ ಬೆಚ್ಚಿದ್ದು ಕುಕ್ಕರಿಗಲ್ಲ, ಆ ಬಾಯಿಂದ ತನ್ನ ಹೆಸರು ಕೇಳಿದ್ದಕ್ಕೆ. ಮಗುವನ್ನು ಎತ್ತಿಕೊಂಡು ಓಡಿಬಂದಳು. ರಾಮಲಕ್ಷ್ಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ನುಗ್ಗಿ, ಬಗ್ಗಿ, ಗ್ಯಾಸ್ ಆರಿಸಿ ಬಂದಳು.

ಮೂವರೂ ಮೇಕೆಯ ಪಕ್ಕ ನಿಂತು ಕಾದರು. ಕುಕ್ಕರ್ ಸಿಡಿಯಲಿಲ್ಲ, ಒಂದಷ್ಟು ಹೊತ್ತು ಗೊಣಗಿ ತಣ್ಣಗಾಯಿತು. ಅಷ್ಟರಲ್ಲಿ ರಾಮಲಕ್ಷ್ಮಮ್ಮ ರಮ್ಯ ಹೇಳಿದ್ದನ್ನೆಲ್ಲ ಹೇಳಿ ಮುಗಿಸಿದ್ದಳು, ಮಗು ದೊಡ್ಡಮ್ಮನ ಸೊಂಟಕ್ಕೆ ದಾಟಿತ್ತು.

"ನೆಟ್ಟಗೆ ನನ್ನ ಹತ್ರಾನೇ ಹೇಳಬಾರ್ದಿತ್ತಾ ಅಕ್ಕ?" ಎಂದಳು ಸುನಂದ.

"ಡಬ್ಬೀನ ಖಾಲಿ ವಾಪಸ್ ಕೊಟ್ಟೋಳ ಹತ್ರ ಏನು ಹೇಳೋದು?"

"ಯಾವ ಡಬ್ಬಿ?" ಸುನಂದಳಿಗೆ ನೆನಪಾಗಲು ಕೊಂಚ ಹೊತ್ತು ಹಿಡಿಯಿತು. "ಒಬ್ಬಟ್ಟಿನ ಡಬ್ಬೀನಾ? ಅದಕ್ಕಾ ಇಷ್ಟು ದಿನ? ಎಲ್ಲಾ ಹೇಳ್ತಿದ್ದೆ ಆ ಮೇಕೆಗೆ, ಇದೊಂದು ಹೇಳಲಿಲ್ವಲ್ಲ. ಬೇರೆಯವರ ಡಬ್ಬಿ ಆಗಿದ್ರೆ ಸಕ್ಕರೆ ಹಾಕಿ ಕೊಡ್ತಿದ್ದೆ ಅಕ್ಕ. ನಮ್ಮನೇದೇ ತಾನೇ ಅಂತ ಹಂಗೇ ಕೊಟ್ಟೆ."

ರಾಮಲಕ್ಷ್ಮಮ್ಮ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಕೇಳಿದ್ಯೇನೇ?" ಎಂದಳು ಮೇಕೆಗೆ.

ಮರುದಿನ ಇಬ್ಬರೂ ಒಂದೇ ಸೀಟಿನಲ್ಲಿ, ತೊಡೆಯ ಮೇಲೆ ಒಂದೊಂದು ಕುಕ್ಕರ್ ಇಟ್ಟುಕೊಂಡು, ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಹೋದರು. ಪಾತ್ರೆ ಅಂಗಡಿಯ ಕಾಂತರಾಜ್ ತಳದ ನಂಬರ್ ನೋಡಿ ತಲೆಯಾಡಿಸಿ, ಮುಚ್ಚಳ ತೆಗೆದ. ಎರಡರಲ್ಲೂ ಒಂದೊಂದು ಮಾವಿನಹಣ್ಣಿತ್ತು.

"ಇದೇನಮ್ಮಾ?"

"ಕಂಪನಿಯವರಿಗೆ," ಎಂದಳು ರಾಮಲಕ್ಷ್ಮಮ್ಮ. "ಅವರು ಬೇರೆಯವರಲ್ವಾ."

ಕಾಂತರಾಜ್ ಹೊಸ ಕುಕ್ಕರ್ ಎರಡು ಕೊಟ್ಟ. ಹಣ್ಣು ಕಂಪನಿಯವರೆಗೆ ತಲುಪಲಿಲ್ಲ.