ಈಶಾನ್ಯದ ಕೋಣೆಯ ಪೈಪು

ತಾಮ್ರದ ಪೈಪು ಅಡಿಗೆ ನಾನೂರು, ಪ್ಲಾಸ್ಟಿಕ್ಕಿನದು ಅರವತ್ತು. ಕಲಬುರಗಿಯಲ್ಲಿ ವೈಶಾಖದಲ್ಲೂ ಹಿಮ ಬೀಳತೊಡಗಿ, ಗೋಡೆಯ ರೇಡಿಯೇಟರುಗಳಿಗೆ ಬಿಸಿನೀರು ಹರಿಸಿ ಕೋಣೆಗಳನ್ನು ಬೆಚ್ಚಗಿಡಬೇಕಾಗಿ ಬಂದ ಮೇಲೆ ಹೊಸ ಮನೆ ಕಟ್ಟಿಸುವವರಿಗೆಲ್ಲ ಈ ಲೆಕ್ಕ ಬಾಯಿಪಾಠ. ಪ್ಲಾಸ್ಟಿಕ್ ಪೈಪು ಹೇಗೆ ಬೇಕಾದರೂ ಬಾಗುತ್ತದೆ, ಮನೆಯ ಯಜಮಾನ ಮಾತ್ರ ಬಾಗುವುದಿಲ್ಲ ಎಂಬುದು ಪ್ಲಂಬರ್ ಮಶಾಕಸಾಬನಿಗೆ ಗೊತ್ತಿತ್ತು.

"ಬಿಸಿ ಅಂದ್ರ ಅಗ್ನಿ. ಅಗ್ನಿ ಆಗ್ನೇಯಕ್ಕ. ಹತ್ತೂ ರೇಡಿಯೇಟರ್ ಅಡಿಗಿಮನ್ಯಾಗೇ ಹಾಕು," ಎಂದ ಯಜಮಾನ ಶಿವಶರಣಪ್ಪ.

ಒಂಬತ್ತು ಹಾಕಿಯಾಗಿತ್ತು. ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ತಟ್ಟುವ ಮೊದಲೇ ಒಣಗುತ್ತಿತ್ತು. ಈಶಾನ್ಯದ ಕೋಣೆಯಲ್ಲಿ ಬಾಣಂತಿ ಮಗಳು ಕಸ್ತೂರಿ ಐದು ದಿನದ ಕೂಸನ್ನು ಎರಡು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಹದಿಮೂರು ದಿನ ಅವಳು ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಕೂಸಿನ ತುಟಿ ನೀಲಿಗಟ್ಟಿತ್ತು.

ಮಶಾಕಸಾಬ ಕೊನೆಯ ರೇಡಿಯೇಟರನ್ನು ಅಲ್ಲೇ ಹೊಸ್ತಿಲ ಮುಂದೆ ಇಳಿಸಿದ.

"ಧಣೇರ, ಈಶಾನ್ಯದಾಗ ಏನಿರಬೇಕ್ರಿ?"

"ನೀರು. ಅಷ್ಟೂ ಗೊತ್ತಿಲ್ಲೇನು ನಿನಗ?"

"ಈ ಪೈಪಿನಾಗ ಹರಿಯೂದು ಏನ್ರಿ?"

"ಬಿಸಿನೀರು."

"ನಾ ತುಂಬುವಾಗ ತಣ್ಣಗೇ ಇರ್ತದರಿ. ಆಮ್ಯಾಲ ಬಿಸಿ ಮಾಡಿದ್ರ ಅದು ಬಾಯ್ಲರಿನ ಕೆಲಸ. ಬಾಯ್ಲರು ನಿಮ್ಮ ಆಗ್ನೇಯದಾಗೇ ಅದ."

ಶಿವಶರಣಪ್ಪ ಗಲ್ಲ ಕೆರೆದುಕೊಂಡ.

"ಖರೆ ಅದ. ಆದ್ರ ತಣ್ಣಂದೇ ತುಂಬಬೇಕು. ನಾ ನಿಂತು ನೋಡಾಂವ."

ನಿಂತು ನೋಡಿದ. ಬೆರಳದ್ದಿ ಪರೀಕ್ಷೆಯನ್ನೂ ಮಾಡಿದ. ಸಂಜೆಯ ಹೊತ್ತಿಗೆ ಅಡುಗೆಮನೆಯ ಧಗೆಯಲ್ಲಿ ಬೆಂದಿದ್ದ ಹನ್ನೊಂದು ಜನ ಹಿತವಾಗಿ ಬೆಚ್ಚಗಿದ್ದ ಆ ಕೋಣೆಗೆ ಬಂದು ಕೂತರು. ಎಲ್ಲರಿಗಿಂತ ಮೊದಲು ಬಂದವನು ಶಿವಶರಣಪ್ಪ. ಮೂವತ್ತು ಅಡಿ ಪೈಪು ಹೆಚ್ಚಿಗೆ ಹೋಯಿತು, ಕೂಸು ಉಳಿಯಿತು.