ಟ್ಯಾಗ್ ಹೇಳಿದ ನಾಲ್ಕು ಡಿಗ್ರಿ

ರೀಡರನ್ನು ಹತ್ತಿರ ಹಿಡಿದ ಕೂಡಲೇ ರಕ್ತದ ಚೀಲಕ್ಕೆ ಅಂಟಿಸಿದ್ದ, ಅದರ ಉಷ್ಣತೆ ಅಳೆಯುವ ಟ್ಯಾಗ್ ನಾಲ್ಕು ಡಿಗ್ರಿ ಎಂದಿತು. ಚೀಲ ಖಾಲಿಯಾಗಿತ್ತು. ಅದರಲ್ಲಿದ್ದ ರಕ್ತ ಹಾಕಿಸಿಕೊಂಡ ಮರ್ಫಿ ಟೌನಿನ ಬಾಣಂತಿ ಬೆಳಿಗ್ಗೆ ತೀರಿಕೊಂಡಿದ್ದಳು. ತನಿಖೆಗೆಂದು ಚೀಲವನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟಿದ್ದರು.

"ನೋಡಿ ಆಸಿಮ್, ಸರಿಯಾಗೇ ತೋರಿಸ್ತಿದೆ," ಎಂದಳು ಸುಕನ್ಯ. ಬ್ಯಾಟರಿಯಿಲ್ಲದ ಆ ಟ್ಯಾಗ್ ಅವಳದೇ ವಿನ್ಯಾಸ. ಇಂದಿರಾನಗರದ ಲ್ಯಾಬಿನಲ್ಲಿ ಮೂರು ವರ್ಷ ಅದಕ್ಕೇ ಸವೆಸಿದ್ದಳು. ರೀಡರಿನ ರೇಡಿಯೊ ಅಲೆ ತಾಕಿದರೆ ಸಾಕು, ಅದಕ್ಕೆ ಜೀವ ಬರುತ್ತಿತ್ತು.

ನರ್ಸಿಂಗ್ ಹೋಮಿನ ರಕ್ತದ ದಾಸ್ತಾನು ನೋಡಿಕೊಳ್ಳುವ ಆಸಿಮ್ ಧ್ವನಿ ಏರಿಸಲಿಲ್ಲ. "ನಿನ್ನೆ ಹಾಕೋ ಮುಂಚೇನೂ ನಾಲ್ಕೇ ತೋರಿಸ್ತು ಮೇಡಂ. ಅದನ್ನ ನಂಬಿ ಕೊಟ್ಟೆ. ಆದ್ರೆ ಮೊನ್ನೆ ಆರು ಗಂಟೆ ಹೊತ್ತು ಕರೆಂಟ್ ಇರಲಿಲ್ಲ, ಜನರೇಟರೂ ಕೈಕೊಡ್ತು. ಬೆಚ್ಚಗಾದ್ರೆ ರಕ್ತ ಕೆಡುತ್ತೆ. ಆವಾಗ ಎಷ್ಟಿತ್ತು? ಅದನ್ನ ತೋರಿಸಿ."

ಸುಕನ್ಯ ರೀಡರನ್ನು ಕೆಳಗಿಟ್ಟಳು. ಯಾರೂ ರೀಡರ್ ಹಿಡಿಯದ ಹೊತ್ತಿನಲ್ಲಿ ಟ್ಯಾಗ್ ಬರೀ ತಗಡಿನ ಚೂರು. ಚೀಲ ಬೆಚ್ಚಗಾಗಿದ್ದು, ಕರೆಂಟ್ ಬಂದ ಮೇಲೆ ಮತ್ತೆ ತಣ್ಣಗಾಗಿದ್ದು, ಯಾವುದೂ ಅದಕ್ಕೆ ತಿಳಿಯುವಂತಿರಲಿಲ್ಲ. ಇದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಹೇಳಬೇಕು ಅನ್ನಿಸಿರಲಿಲ್ಲ.

ಆಸಿಮ್ ಫ್ರಿಜ್ಜಿನ ಬಾಗಿಲು ಮುಚ್ಚಿದ. ಬಾಗಿಲ ಮೇಲೆ ಹಳೆಯ ನಿಯಮದ ಹಾಳೆ ಇನ್ನೂ ಅಂಟಿಕೊಂಡಿತ್ತು: ಎರಡು ಗಂಟೆಗಿಂತ ಹೆಚ್ಚು ಹೊತ್ತು ಕರೆಂಟ್ ಇಲ್ಲದಿದ್ದರೆ ಎಲ್ಲ ಚೀಲಗಳನ್ನೂ ಎಸೆಯಬೇಕು. ಅದರ ಮೇಲೊಂದು ಅಡ್ಡಗೀಟು. ಟ್ಯಾಗ್ ಅಂಟಿಸಿದ ದಿನ, "ಇನ್ನು ಸುಮ್ಮನೆ ರಕ್ತ ಚೆಲ್ಲೋದು ಬೇಡ ಬಿಡಿ," ಎಂದು ನಗುತ್ತಾ ಆ ಗೀಟು ಎಳೆದವಳು ಸುಕನ್ಯಳೇ.