ಮೈನಸ್ ಮೊದಲು

"ನಾನೇ ಹಾಕಿಕೊಟ್ಟು ಹೋಗ್ತೀನಿ ಮೇಡಂ" ಅಂದ ಬ್ಯಾಟರಿ ಅಂಗಡಿಯವನನ್ನು ಅಮ್ಮ ಗೇಟಿನಿಂದಲೇ ಸಾಗಹಾಕಿದಳು. ಹೊಸ ಬ್ಯಾಟರಿ ಮೆಟ್ಟಿಲ ಮೇಲೆ ಕೂತಿತ್ತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರ್ ಕೈಗೆತ್ತಿಕೊಂಡು, ಒಳಗೆ ಕೂಗು ಹಾಕಿದಳು.

"ಬಾರೋ ಇಲ್ಲಿ. ಎತ್ತೋಕೆ ಒಂದು ಕೈ ಬೇಕು."

ಒಳಗೆ ಮಗ ಓದುತ್ತಿದ್ದ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದ. ಕಾರಿನಲ್ಲಿದ್ದ ಬ್ಯಾಟರಿಗೆ ಏನೂ ಆಗಿರಲಿಲ್ಲ. ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಅವನೇ ಹೋಗಿ ಮೈನಸ್ ಕಡೆಯ ನಟ್ ಸಡಿಲಿಸಿ, ವೈರನ್ನು ಸುಮ್ಮನೆ ಮೇಲೆ ಕೂರಿಸಿ ಬಂದಿದ್ದ. ಸ್ಟಾರ್ಟ್ ಆಗದಿದ್ದರೆ ಕಾರು ಮೂಲೆ ಸೇರುತ್ತೆ ಅಂದುಕೊಂಡಿದ್ದ; ಅಮ್ಮ ಹೊಸ ಬ್ಯಾಟರಿಯನ್ನೇ ತರಿಸಿದ್ದಳು. ಅವನಿಗೆ ಕಾರಣ ಇತ್ತು: ಅಮ್ಮನ ಕಾರು ಮೊದಲು ಗೇಟಿನ ಕಂಬ ಸವರಿಕೊಂಡು ಬಂದಿತ್ತು. ಆಗ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಎದುರು ಮನೆ ಮಗುವಿನ ಮೂರು ಗಾಲಿ ಸೈಕಲ್ ಮೇಲೆ ಹತ್ತಿತು. ಮಗು ಆಗಷ್ಟೇ ನೀರು ಕುಡಿಯಲು ಇಳಿದು ಒಳಗೆ ಹೋಗಿತ್ತು. "ದಾರೀಲಿ ಯಾರು ಇಟ್ಟಿದ್ದು ಇದನ್ನ?" ಎಂದು ಅಮ್ಮ ಬೈದು, ಸಂಜೆಯೊಳಗೆ ಹೊಸ ಸೈಕಲ್ ತಂದುಕೊಟ್ಟಿದ್ದಳು. ಅವತ್ತು ರಾತ್ರಿ ಮಗನಿಗೆ ಊಟ ಸೇರಲಿಲ್ಲ. ಇನ್ನು ಕಾರು ಸಾಕು ಅಂತ ಅಮ್ಮನಿಗೆ ಹೇಳುವವರು ಯಾರು? "ನಿಮ್ಮಮ್ಮ, ನೀವೇ ಹೇಳಿ" ಎಂದು ಹೆಂಡತಿ ಕೈ ತೊಳೆದುಕೊಂಡಳು. ಮನೆ ಕಟ್ಟಲು ಪರವಾನಗಿ ಕೊಡುವ ಕಚೇರಿಯಲ್ಲಿ ಅವನಿಗೆ ಕೆಲಸ. ಬಂದವರ ಮುಖಕ್ಕೇ "ಆಗಲ್ಲ" ಅನ್ನುವುದರಲ್ಲಿ ಪಳಗಿದವನು. ಆದರೆ ಇವಳು ಊರಿನ ಅರ್ಧ ಜನಕ್ಕೆ ಕಾರು ಕಲಿಸಿ, ಡ್ರೈವಿಂಗ್ ಸ್ಕೂಲ್ ಮುಚ್ಚಿದ ಮೇಲೂ ಕ್ಲಚ್ ಮೇಡಂ ಎಂದೇ ಕರೆಸಿಕೊಳ್ಳುವವಳು. ಇವಳಿಗೆ ಹೋಗಿ "ನೀನು ಕಾರು ಬಿಡಬೇಡ" ಅನ್ನುವುದಕ್ಕಿಂತ ಸ್ಪ್ಯಾನರ್ ಹಿಡಿಯುವುದು ಸುಲಭ ಅನ್ನಿಸಿತ್ತು.

ಅವನು ಹೊರಗೆ ಬರುವಷ್ಟರಲ್ಲಿ ಬಾನೆಟ್ ತೆರೆದಿತ್ತು.

"ಬಿಚ್ಚೋವಾಗ ಮೈನಸ್ ಮೊದಲು," ಎಂದಳು ಅಮ್ಮ, ಹೊಸದಾಗಿ ಕಲಿಯಲು ಬಂದವನಿಗೆ ಹೇಳುವ ಹಾಗೆ. ಬೆರಳಿಂದ ತಡವಿ ನಟ್ ಹುಡುಕಿದಳು. ಸ್ಪ್ಯಾನರ್ ಇಡುವ ಮೊದಲೇ ವೈರು ಅವಳ ಕೈಯೊಳಗೆ ಬಂತು. ಅಮ್ಮ ಅದರ ನಟ್ಟನ್ನು ಬೆರಳಲ್ಲೇ ಒಂದು ಸುತ್ತು ತಿರುಗಿಸಿ ನೋಡಿದಳು.

"ಸಡಿಲ ಆಗಿದೆ."

"ರಸ್ತೆ ಕುಲುಕಾಟಕ್ಕೆ ಆಗಿರಬೇಕಮ್ಮ."

"ಇರಬಹುದು." ಅವಳ ಬೆರಳು ಪ್ಲಸ್ ಕಡೆಗೆ ಸರಿಯಿತು. "ಇದೂ ಅದೇ ರಸ್ತೇಲೇ ಬಂದಿದೆ. ಇದು ಗಟ್ಟಿಯಾಗಿದೆ."

ಮಗ ಕಾಲಬುಡದ ಇರುವೆ ಸಾಲನ್ನು ಶ್ರದ್ಧೆಯಿಂದ ನೋಡಿದ. ಇನ್ನೇನು ಅಮ್ಮ ವೈರು ಬಿಗಿದು, ಹೊಸ ಬ್ಯಾಟರಿ ಹಿಂದಿರುಗಿಸಲು ಅಂಗಡಿಯವನನ್ನು ವಾಪಸು ಕರೆಸುತ್ತಾಳೆ ಅಂದುಕೊಂಡ. ಅವಳು ಹಾಗೆ ಮಾಡಲಿಲ್ಲ. ಪ್ಲಸ್ ಬಿಚ್ಚಿದಳು, ಬ್ಯಾಟರಿ ಹಿಡಿದಿದ್ದ ಪಟ್ಟಿ ಬಿಚ್ಚಿದಳು. "ಎತ್ತು" ಎಂದಳು. ಎಲ್ಲವೂ ಸರಿಯಿದ್ದ ಬ್ಯಾಟರಿಯನ್ನು ಅವನು ಸೊಂಟ ಹಿಡಿದುಕೊಳ್ಳುವ ಹಾಗೆ ಎತ್ತಿ ಕೆಳಗಿಟ್ಟ. ಹೊಸದನ್ನು ಎತ್ತಿ ಒಳಗಿಟ್ಟ. ಅಮ್ಮ ಹಳೇ ಬಟ್ಟೆಯಿಂದ ವೈರಿನ ತುದಿಯ ಬಿಳಿ ಪುಡಿ ಒರೆಸಿದಳು. ಹಾಕುವಾಗ ಪ್ಲಸ್ ಮೊದಲು. ಕೊನೆಯ ನಟ್ ಬಂದಾಗ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು.

"ಬಿಗಿ ಮಾಡು. ಬಿಗಿ ಮಾಡೋದೂ ಬರುತ್ತಲ್ಲ ನಿಂಗೆ?"

ಅವನು ಕಿವಿ ಕೆಂಪಾಗುವಷ್ಟು ಬಿಗಿ ಮಾಡಿದ.

ಅಮ್ಮ ಒಳಗೆ ಕೂತು ಬೀಗದ ಕೈ ತಿರುಗಿಸಿದ ತಕ್ಷಣ ಕಾರು ಸ್ಟಾರ್ಟ್ ಆಯಿತು. "ಒಂದು ಸುತ್ತು ಹೋಗಿ ಬರ್ತೀನಿ, ಗೇಟು ತೆಗಿ," ಎಂದಳು ಅಮ್ಮ. ಮಗ ಗೇಟಿನ ತನಕ ಹೋದ. ಚಿಲಕದ ಮೇಲೆ ಕೈ ಇಟ್ಟ. ಎದುರು ಮನೆಯ ಅಂಗಳದಲ್ಲಿ ಹೊಸ ಸೈಕಲ್ಲಿನ ಗಂಟೆ ಟ್ರಿಣ್ ಟ್ರಿಣ್ ಅನ್ನುತ್ತಿತ್ತು. ಅವನು ಚಿಲಕ ಬಿಟ್ಟು, ತಿರುಗಿ, ಗೇಟಿಗೆ ಬೆನ್ನು ಕೊಟ್ಟು ನಿಂತ. ಅಮ್ಮ ಹಾರ್ನ್ ಹೊಡೆದಳು. ಅವನು ಕದಲಲಿಲ್ಲ. ಇನ್ನೊಂದು ಸಲ ಹೊಡೆದಳು.

"ಅಮ್ಮ, ನಿಂಗೆ ಕಣ್ಣು ಕಾಣಿಸ್ತಿಲ್ಲ!" ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು ಧ್ವನಿ. "ಇನ್ಮೇಲೆ ನೀನು ಕಾರು ಬಿಡಬೇಡ. ಆ ವೈರು ನಾನೇ ಬಿಚ್ಚಿದ್ದು."

ಇಂಜಿನ್ ನಿಂತಿತು. ಅಮ್ಮ ಗಾಜು ಇಳಿಸಿದಳು.

"ಎದುರಿಗಿರೋದು ಕಾಣುತ್ತೆ. ನೀನು ಕಾಣ್ತಿದೀಯ. ಎರಡೂ ಪಕ್ಕದ ನೋಟ ಹೋಗಿದೆ, ಇನ್ನು ವಾಪಸು ಬರಲ್ಲ ಅಂತ ಡಾಕ್ಟರು ಹೇಳಿ ಆಗಿದೆ." ಉಸಿರು ಬಿಟ್ಟಳು. "ನಂಗೆ ನಾನೇ ಹೇಳ್ಕೊಂಡರೆ ಕೇಳೋ ಹೆಣ್ಣಲ್ಲ ನಾನು. ಮನೇಲಿ ಯಾರಾದ್ರೂ ಹೇಳಲಿ ಅಂತಿದ್ದೆ. ಅಷ್ಟು ಹೇಳೋಕೆ ಒಂದು ಬ್ಯಾಟರಿ ಖರ್ಚಾಯ್ತಲ್ಲೋ ನಿಂಗೆ."

ಇಳಿದಳು. ಬಾನೆಟ್ಟಿನ ಮೇಲೆ ಕೈಯಾಡಿಸಿಕೊಂಡೇ ಸುತ್ತು ಬಂದು, ಆಚೆ ಬಾಗಿಲು ತೆಗೆದು ಕೂತಳು. "ಹತ್ತು. ಹೊಸದು, ಸ್ವಲ್ಪ ಓಡಿಸಬೇಕು."

ಮಗ ಗೇಟು ತೆರೆದು, ಬಂದು, ಸೀಟು ಹಿಂದಕ್ಕೆ ಸರಿಸಿಕೊಂಡು ಕೂತ. ಕಾರು ಬೀದಿ ದಾಟಿತು. ಅಂಗಡಿ ಸಾಲಿನ ಹತ್ತಿರ ಮುಂದೆ ಹೋಗುತ್ತಿದ್ದ ಸ್ಕೂಟರು ಗಕ್ಕನೆ ನಿಂತಿತು. ಅವನು ಬ್ರೇಕ್ ಒತ್ತಿದ. ಅದೇ ಕ್ಷಣ ಪಕ್ಕದಿಂದಲೂ ದಡ್ ಎಂದು ಸದ್ದು ಬಂತು. ಕಲಿಸುವ ಕಾರಿನಲ್ಲಿ ಮೇಡಂ ಕಾಲಬುಡಕ್ಕೂ ಒಂದು ಬ್ರೇಕ್ ಇರುತ್ತಿತ್ತು. ಇದರಲ್ಲಿ ಅಲ್ಲಿ ಬರೀ ಮ್ಯಾಟು. ಅಮ್ಮನ ಕಾಲು ಅದರ ಮೇಲೆ ಒತ್ತಿ ಹಿಡಿದೇ ಇತ್ತು.

ಕಾರು ಸ್ಕೂಟರಿಗೆ ತಾಕದೆ ನಿಂತಿತು.

"ಸರಿಯಾದ ಹೊತ್ತಿಗೆ ನಿಲ್ಲಿಸಿದೆ," ಎಂದಳು ಅಮ್ಮ, ಎದುರಿಗೇ ನೋಡುತ್ತ.

ನಿಲ್ಲಿಸಿದ್ದು ನೀನೋ ನಾನೋ ಅಂತ ಅವಳು ಬಿಡಿಸಿ ಹೇಳಲಿಲ್ಲ. ಅವನು ಮೊದಲನೇ ಗೇರಿಗೆ ಹಾಕಿ ನಿಧಾನಕ್ಕೆ ಕ್ಲಚ್ ಬಿಟ್ಟ.